ಶಿರಸ್ತೇದಾರ್ ಅಪ್ಪನ ಜೊತೆ ಅಮೆರಿಕದ ರೆಕಾರ್ಡ್ ರೂಮಿಗೆ

2023ರ ಜೂನ್ ಕೊನೆಯಲ್ಲಿ ಅಪ್ಪನನ್ನು ಕರೆದುಕೊಂಡು ವರ್ಜೀನಿಯಾದ ಅಕ್ಕನ ಮನೆಗೆ ಹೋಗಿದ್ದೆ. ವೀಸಾ, ಟಿಕೆಟ್ಟಿನ ಕತೆ ಎಲ್ಲರಿಗೂ ಗೊತ್ತಿರುವುದೇ, ಬಿಡಿ. ಅಪ್ಪನ ಬಗ್ಗೆ ಮಾತ್ರ ಎರಡು ಮಾತು ಹೇಳಬೇಕು. ಅವರು ತುಮಕೂರು ಜಿಲ್ಲೆಯ ಒಂದು ತಾಲೂಕು ಕಚೇರಿಯಲ್ಲಿ ಶಿರಸ್ತೇದಾರ್ ಆಗಿ ನಿವೃತ್ತರಾದವರು. ಅದಕ್ಕೆ ಮುಂಚೆ ಬಹಳ ವರ್ಷ ರೆಕಾರ್ಡ್ ರೂಮಿನಲ್ಲೇ ಇದ್ದರು. ಹಳೇ ಕಾಗದ ಕಂಡರೆ ಕನ್ನಡಕ ತಾನಾಗಿ ಮೂಗಿಗೆ ಬರುತ್ತದೆ.

ಶ್ವೇತಭವನ ತೋರಿಸ್ತೀನಿ ಬನ್ನಿ ಎಂದು ಭಾವ ಕರೆದರೆ, "ಬೇಲಿ ಆಚೆಯಿಂದ ನೋಡೋಕೆ ಅಷ್ಟು ದೂರ ಯಾಕೆ ಅಳಿಯಂದ್ರೇ" ಅಂದುಬಿಟ್ಟರು. ಆಗ ಅಕ್ಕ ಇನ್ನೊಂದು ಆಸೆ ತೋರಿಸಿದಳು. ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದ ಮುಂದೆ ಪ್ರತಿ ಜುಲೈ 4ರಂದು, ಬ್ರಿಟಿಷ್ ರಾಜನ ಆಳ್ವಿಕೆ ಸಾಕೆಂದು ಅಮೆರಿಕನ್ನರು 1776ರಲ್ಲಿ ಹೊರಡಿಸಿದ ಸ್ವಾತಂತ್ರ್ಯ ಘೋಷಣೆಯನ್ನು ಜನರ ಮುಂದೆ ಗಟ್ಟಿಯಾಗಿ ಓದುತ್ತಾರೆ, ಡ್ರಮ್ಮು ಕೊಳಲು ಎಲ್ಲಾ ಇರುತ್ತೆ ಅಂತ.

"ರೆಕಾರ್ಡ್ ರೂಮಿನ ಮುಂದೆ ಹಬ್ಬಾನಾ? ಹಾಗಾದ್ರೆ ನಡೀರಿ."

ಜುಲೈ 2, ಭಾನುವಾರ: ಆಶ್‌ಬರ್ನ್, ಲೀಸ್‌ಬರ್ಗ್

ಅಕ್ಕನ ಮನೆ ಇರುವುದು ಆಶ್‌ಬರ್ನ್‌ನಲ್ಲಿ. ಅರ್ಧ ಆಂಧ್ರ, ಕಾಲು ಕರ್ನಾಟಕ ಅಂತ ಭಾವನ ತಮಾಷೆ. ಅಂಗಡಿಗೆ ಹೋದರೆ ಕೊತ್ತಂಬರಿ ಸೊಪ್ಪು ಆರಿಸುತ್ತಾ ಕನ್ನಡದಲ್ಲಿ ಗೊಣಗುವವರು ಸಿಕ್ಕೇ ಸಿಗುತ್ತಾರೆ. ನಾವು ಬರುವ ಕೆಲವೇ ದಿನ ಮುಂಚೆ ಕೆನಡಾದ ಕಾಡ್ಗಿಚ್ಚಿನ ಹೊಗೆ ಇಲ್ಲಿಯವರೆಗೂ ಬಂದಿತ್ತಂತೆ. ನಮ್ಮ ಪುಣ್ಯ, ಆಕಾಶ ಆಗಲೇ ತಿಳಿಯಾಗಿತ್ತು. ಸೆಖೆ ಮಾತ್ರ ನಮ್ಮ ಮಂಗಳೂರಿನದ್ದೇ.

ಉಪ್ಪಿಟ್ಟು ತಿಂದು ಕಾರು ಹತ್ತಿದೆವು. ಊರು ದಾಟುವಾಗ ರಸ್ತೆಯ ಎರಡೂ ಕಡೆ ಕಿಟಕಿಯೇ ಇಲ್ಲದ ಬೂದು ಬಣ್ಣದ ಕಟ್ಟಡಗಳು. ಒಂದೊಂದೂ ನಮ್ಮೂರಿನ ಎಪಿಎಂಸಿ ಯಾರ್ಡ್‌ಗಿಂತ ದೊಡ್ಡದು.

"ಇವೆಲ್ಲಾ ಗೋಡೌನಾ?" ಅಪ್ಪ ಕೇಳಿದರು.

"ಡೇಟಾ ಸೆಂಟರ್ ಮಾವ. ಪ್ರಪಂಚದಲ್ಲೇ ಒಂದೇ ಕಡೆ ಇಷ್ಟೊಂದು ಇರೋದು ಇಲ್ಲೇ. ನಿಮ್ಮ ಫೋಟೋ, ನಮ್ಮ ಇಮೇಲ್ ಎಲ್ಲಾ ಇಂಥಾ ಕಡೆ ಇರುತ್ತೆ. ಒಂಥರಾ ರೆಕಾರ್ಡ್ ರೂಮೇ."

"ಇಲಿ ಕಾಟ ಇಲ್ಲ ತಾನೆ?"

ಲೀಸ್‌ಬರ್ಗ್ ಅಲ್ಲಿಂದ ಕಾಲು ಗಂಟೆಯ ದಾರಿ. ಇಟ್ಟಿಗೆ ಹಾಸಿದ ಕಾಲುದಾರಿ, ಹಳೇ ಕೋರ್ಟು, ಮನೆ ಮನೆಗೂ ಬಾವುಟ. ಪ್ರವಾಸಿಗರು ಇಲ್ಲಿಗೆ ಬರುವುದು ಐಸ್‌ಕ್ರೀಮ್‌ಗೆ, ಹಳೇ ಸಾಮಾನಿನ ಅಂಗಡಿಗಳಿಗೆ. ಭಾವ ಕರೆತಂದದ್ದು ಬೇರೆ ಕಾರಣಕ್ಕೆ.

1814ರ ಆಗಸ್ಟ್. ಅಮೆರಿಕಕ್ಕೂ ಬ್ರಿಟನ್ನಿಗೂ ಮತ್ತೆ ಯುದ್ಧ. ಬ್ರಿಟಿಷ್ ಸೈನ್ಯ ವಾಷಿಂಗ್ಟನ್ ಕಡೆ ಬರುತ್ತಿದೆ. ವಿದೇಶಾಂಗ ಕಚೇರಿಯಲ್ಲಿ ಸ್ಟೀಫನ್ ಪ್ಲೆಸೆಂಟನ್ ಎಂಬ ಗುಮಾಸ್ತ. ಒರಟು ಲಿನನ್ ಬಟ್ಟೆ ತರಿಸಿ, ಚೀಲ ಹೊಲಿಸಿ, ಮುಖ್ಯವಾದ ಕಾಗದಗಳನ್ನೆಲ್ಲ ತುಂಬಿಸತೊಡಗಿದ. ಆ ಕಡೆ ಬಂದ ಯುದ್ಧ ಮಂತ್ರಿ ಆರ್ಮ್‌ಸ್ಟ್ರಾಂಗ್, ಸುಮ್ನೆ ಗಾಬರಿ ಬೀಳ್ತಿದ್ದೀರಿ, ಬ್ರಿಟಿಷರು ಇಲ್ಲಿಗೆ ಬರೋದಿಲ್ಲ ಎಂಬ ಧಾಟಿಯಲ್ಲಿ ಹೇಳಿ ಹೋದರಂತೆ. ಪ್ಲೆಸೆಂಟನ್ ಕೇಳಲಿಲ್ಲ. ಗಾಡಿಗಳಲ್ಲಿ ಹೇರಿಸಿ ಮೊದಲು ಪೊಟೊಮ್ಯಾಕ್ ನದಿಯಾಚೆಯ ಒಂದು ಪಾಳು ಹಿಟ್ಟಿನ ಗಿರಣಿಗೆ ಸಾಗಿಸಿದ. ಹತ್ತಿರದಲ್ಲೇ ಫಿರಂಗಿ ಎರಕ ಹೊಯ್ಯುವ ಕಾರ್ಖಾನೆ ಇತ್ತು, ಶತ್ರುಗಳು ಅದನ್ನು ಹುಡುಕಿಕೊಂಡು ಬಂದರೆ ಕಷ್ಟ ಅನ್ನಿಸಿತು. ಮತ್ತೆ ಗಾಡಿ ಕಟ್ಟಿಸಿ 35 ಮೈಲಿ ದೂರದ ಈ ಲೀಸ್‌ಬರ್ಗ್‌ಗೆ ತಂದು ಒಂದು ಖಾಲಿ ಮನೆಯಲ್ಲಿ ಬೀಗ ಹಾಕಿಸಿದ. ಅತ್ತ ಬ್ರಿಟಿಷರು ಬಂದೇ ಬಂದರು. ಅಧ್ಯಕ್ಷರ ಮನೆಗೂ ಸಂಸತ್ತಿಗೂ ಬೆಂಕಿ ಇಟ್ಟರು. ಸ್ವಾತಂತ್ರ್ಯ ಘೋಷಣೆಯ ಮೂಲ ಪ್ರತಿ ಮಾತ್ರ ಇಲ್ಲಿ ಚೀಲದೊಳಗೆ ಕ್ಷೇಮವಾಗಿತ್ತು.

ಅಪ್ಪ ಈ ಕತೆ ಕೇಳಿ ರಸ್ತೆ ಮಧ್ಯದಲ್ಲೇ ನಿಂತರು. "ಮಂತ್ರಿ ಬೇಡ ಅಂದರೂ ಮಾಡಿದ್ನಾ? ಲಿಖಿತ ಆದೇಶ ಇತ್ತಾ?"

ಅವನ ಇಲಾಖೆಯ ಮಂತ್ರಿ ಮನ್ರೋ ಸುದ್ದಿ ಕಳಿಸಿದ್ದರು ಎಂದು ಭಾವ ಹೇಳಿದರು. ಅಪ್ಪನಿಗೆ ಸಮಾಧಾನ. "ಹಾಗಾದ್ರೆ ಸರಿ. ಆದೇಶ ಇಲ್ದೆ ಕಡತ ಆಚೆ ಹೋಗಬಾರದು."

ವಾಪಸ್ಸು ಬರುವಾಗ ತೋಟದವರು ರಸ್ತೆ ಬದಿ ಹಾಕಿದ್ದ ಅಂಗಡಿಯಲ್ಲಿ ಪೀಚ್ ಹಣ್ಣು, ಬಿಳಿ ಜೋಳ ಕೊಂಡೆವು. ಜುಲೈನಲ್ಲಿ ಈ ಕಡೆ ಬಂದರೆ ಪೀಚ್ ಬಿಡಬೇಡಿ. ಸೂಪರ್ ಮಾರ್ಕೆಟ್ಟಿನದು ಕಲ್ಲು, ಇದು ಕಚ್ಚಿದರೆ ಮೊಣಕೈವರೆಗೂ ರಸ. ಜೋಳವನ್ನು ಸಂಜೆ ಸುಟ್ಟು, ನಿಂಬೆಹಣ್ಣು ಖಾರದ ಪುಡಿ ಸವರಿ ತಿಂದೆವು. ಪಕ್ಕದ ಮನೆಯ ಅಮೆರಿಕನ್ ಹುಡುಗ ಬೇಲಿಯಾಚೆಯಿಂದ ಇಣುಕಿದ. ಅಪ್ಪ ಅವನಿಗೂ ಒಂದು ಸವರಿ ಕೊಟ್ಟರು. ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದ.

ಜುಲೈ 3, ಸೋಮವಾರ: ಗಾಜಿನೊಳಗಿನ ತೊಗಲು

ಆಶ್‌ಬರ್ನ್‌ವರೆಗೆ ಮೆಟ್ರೊ ಬಂದಿರುವುದು 2022ರ ನವೆಂಬರ್‌ನಲ್ಲಿ. ನಗರಕ್ಕೆ ಕಾರು ಒಯ್ದು ಪಾರ್ಕಿಂಗ್‌ಗೆ ಒದ್ದಾಡುವುದಕ್ಕಿಂತ ಇದೇ ವಾಸಿ. ಸಿಲ್ವರ್ ಲೈನ್‌ನಲ್ಲಿ ಒಂದು ಗಂಟೆ ಕೂತು, ಲಾಂಫಾಂಟ್ ಪ್ಲಾಜಾದಲ್ಲಿ ಹಸಿರು ಲೈನಿಗೆ ಬದಲಾಯಿಸಿದರೆ ಮುಂದಿನ ನಿಲ್ದಾಣದ ಹೆಸರೇ ಆರ್ಕೈವ್ಸ್, ಅಂದರೆ ಪತ್ರಾಗಾರ. ಎಸ್ಕಲೇಟರ್ ಮೇಲೆ ಬಂದರೆ ಎದುರಿಗೇ ಕಟ್ಟಡದ ಬೆನ್ನು. ಸುತ್ತಿಕೊಂಡು ಕಾನ್‌ಸ್ಟಿಟ್ಯೂಷನ್ ಅವೆನ್ಯೂ ಕಡೆ ಹೋಗಬೇಕು. ಜಾನ್ ರಸೆಲ್ ಪೋಪ್ ಎಂಬ ವಾಸ್ತುಶಿಲ್ಪಿಯ ಕೈಚಳಕ. 72 ಕಂಬಗಳು. ಪತ್ರಾಗಾರದವರು ಇಲ್ಲಿಗೆ ಬಂದದ್ದು 1935ರಲ್ಲಿ. ಅಪ್ಪ ಕತ್ತು ಎತ್ತಿ ನೋಡಿ, "ನಮ್ದು ಜೈಲಿನ ಪಕ್ಕ ಹೆಂಚಿನ ಮನೆಯಲ್ಲಿತ್ತು" ಎಂದರು.

ಪ್ರವೇಶಕ್ಕೆ ದುಡ್ಡಿಲ್ಲ. ಆದರೆ ಒಂದು ಡಾಲರ್ ಕೊಟ್ಟು ಮುಂಚೆಯೇ ಸಮಯ ಕಾಯ್ದಿರಿಸಿದರೆ ಬಿಸಿಲಲ್ಲಿ ಕಾಯುವುದು ತಪ್ಪುತ್ತದೆ. ನಮ್ಮ ಹಿಂದೆ ಸಾಲಿನಲ್ಲಿ ಒಂದು ತೆಲುಗು ದಂಪತಿ. ಆ ಹೆಂಗಸು ಒಂದು ಡಿಸೆಂಬರ್‌ನಲ್ಲಿ ಇದೇ ಕಟ್ಟಡದೊಳಗೆ, ಮೂಲ ಸಂವಿಧಾನದ ಎದುರು ಕೈ ಎತ್ತಿ ಅಮೆರಿಕದ ಪೌರತ್ವದ ಪ್ರಮಾಣ ಮಾಡಿದವರಂತೆ. ಬಿಲ್ ಆಫ್ ರೈಟ್ಸ್ (ಅವರ ಸಂವಿಧಾನದ ಮೂಲ ಹಕ್ಕುಗಳ ಪಟ್ಟಿ) ದಿನವಾದ ಡಿಸೆಂಬರ್ 15ರ ಆಸುಪಾಸು ಇಲ್ಲಿ ಆ ಸಮಾರಂಭ ಇರುತ್ತದೆ. "ಆವತ್ತು ಗಡಿಬಿಡಿಯಲ್ಲಿ ಕಾಗದ ಸರಿಯಾಗಿ ನೋಡಲೇ ಇಲ್ಲ, ಅದಕ್ಕೇ ಮತ್ತೆ ಬಂದೆ" ಎಂದರು.

ಲಿಫ್ಟ್ ಇದೆ, ಮಂಡಿ ನೋವಿನವರು ಹೆದರಬೇಕಿಲ್ಲ. ಮೇಲೆ ಹೋದರೆ ರೊಟುಂಡಾ ಎಂಬ ದೊಡ್ಡ ದುಂಡನೆಯ ಸಭಾಂಗಣ. ಒಳಗೆ ತಂಪು, ಅರೆಗತ್ತಲು. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಗೋಡೆಯ ಮೇಲೆ ಬ್ಯಾರಿ ಫಾಕ್ನರ್ ಬರೆದ ಎರಡು ಭಾರೀ ಚಿತ್ರ. ಕೆಳಗೆ ಅರ್ಧಚಂದ್ರಾಕಾರವಾಗಿ ಗಾಜಿನ ಪೆಟ್ಟಿಗೆಗಳು. ಫೋಟೊ ತೆಗೆಯುವ ಹಾಗೇ ಇಲ್ಲ. 2010ರಿಂದ ಈ ನಿಯಮ. ನನಗಂತೂ ಖುಷಿಯೇ ಆಯಿತು. ಯಾರೂ ಫೋನ್ ಎತ್ತದಿದ್ದರೆ ಜನ ನಿಜವಾಗಿ ಬಗ್ಗಿ ನೋಡುತ್ತಾರೆ. ಇಲ್ಲಿ ಸಾಲು ಹಿಡಿಯಬೇಕಿಲ್ಲ, ಎಲ್ಲಿ ಖಾಲಿ ಇದೆಯೋ ಅಲ್ಲಿ ನುಗ್ಗಿ ಅಂತ ಕಾವಲುಗಾರರೇ ಹೇಳುತ್ತಿದ್ದರು.

ಸ್ವಾತಂತ್ರ್ಯ ಘೋಷಣೆಯ ಮುಂದೆ ಬಗ್ಗಿದ ಅಪ್ಪ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಮೆಲ್ಲಗೆ, "ಇದರಲ್ಲಿ ಏನೂ ಕಾಣಲ್ವಲ್ಲೇ!"

ನಿಜ. ಕಾಣುವುದು ಕಡಿಮೆ. ತೊಗಲಿನ ಹಾಳೆಯ ಮೇಲೆ ಕಂದು ಬಣ್ಣದ ನೆರಳಿನ ಹಾಗೆ ಅಕ್ಷರಗಳು. ಮೇಲಿನ ದೊಡ್ಡ ತಲೆಬರಹ ಒಂದಿಷ್ಟು ಓದಬಹುದು. 56 ಸಹಿಗಳಲ್ಲಿ ಹೆಚ್ಚಿನವು ಹುಡುಕಿದರೂ ಸಿಗುವುದಿಲ್ಲ. ಆಗಿನ ಕಾಂಗ್ರೆಸ್ ಸಭೆಯ ಅಧ್ಯಕ್ಷ ಜಾನ್ ಹ್ಯಾನ್‌ಕಾಕ್‌ನ ಅಷ್ಟು ದಪ್ಪ ಸಹಿಯೂ ಮಂಕಾಗಿದೆ. ಎಡಗಡೆ ಕೆಳಗಿನ ಮೂಲೆಯಲ್ಲಿ ಒಂದು ಅಂಗೈ ಗುರುತು. ಯಾರದ್ದೆಂದು ಯಾರಿಗೂ ಗೊತ್ತಿಲ್ಲ. ಅಪ್ಪ ಅದನ್ನು ಮೊದಲು ಕಂಡದ್ದು. "ಕೈ ತೊಳೆಯದೆ ಮುಟ್ಟಿದ್ದಾರೆ ನೋಡು."

ಹೀಗಾಗಲು ಕಾರಣ ಬ್ರಿಟಿಷರಲ್ಲ, ಯುದ್ಧವಲ್ಲ. 1841ರಿಂದ 1876ರವರೆಗೆ ಇದನ್ನು ಪೇಟೆಂಟ್ ಕಚೇರಿಯ ಗೋಡೆಗೆ, ಕಿಟಕಿಯ ಎದುರಿಗೆ ತೂಗುಹಾಕಿದ್ದರು. ಜನ ನೋಡಲಿ ಎಂಬ ಒಳ್ಳೇ ಉದ್ದೇಶದಿಂದಲೇ. 35 ವರ್ಷದ ಬೆಳಕು ಶಾಯಿಯನ್ನು ತಿಂದಿತು. ಪುಣ್ಯಕ್ಕೆ ಅದಕ್ಕೂ ಮುಂಚೆ, 1823ರಲ್ಲಿ, ವಿಲಿಯಂ ಸ್ಟೋನ್ ಎಂಬುವನು ತಾಮ್ರದ ತಗಡಿನಲ್ಲಿ ಅಚ್ಚು ಕೊರೆದು 200 ಪ್ರತಿ ತೆಗೆದಿದ್ದ. ನಾವು ಪುಸ್ತಕದಲ್ಲಿ ನೋಡುವ ಚೆಂದದ ಕೈಬರಹ ಆ ಅಚ್ಚಿನಿಂದ ಬಂದದ್ದು.

"ನಕಲು ಪ್ರತಿನೇ ಗಟ್ಟಿ" ಎಂದು ಅಪ್ಪ ತೀರ್ಪು ಕೊಟ್ಟರು.

ಈಗ ಜೋಪಾನ ಮಾಡುವ ರೀತಿಯೇ ಬೇರೆ. 1952ರ ಡಿಸೆಂಬರ್ 13ರಂದು ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಇಲ್ಲಿಗೆ ತರುವಾಗ ಸೈನ್ಯದ ಕವಚ ವಾಹನ, ಟ್ಯಾಂಕ್ ಕಾವಲು ಇತ್ತಂತೆ. ಆಗ ಪೆಟ್ಟಿಗೆಯಲ್ಲಿ ಹೀಲಿಯಂ ತುಂಬಿದ್ದರು. 2003ರಲ್ಲಿ ಹೊಸ ಪೆಟ್ಟಿಗೆ ಮಾಡಿ ಆರ್ಗಾನ್ ತುಂಬಿದರು. 1952ರಲ್ಲಿ ರಾತ್ರಿಯಾದರೆ ಪೆಟ್ಟಿಗೆಗಳು ಸರ್ರನೆ ನೆಲದಡಿಯ 55 ಟನ್ ತೂಕದ ತಿಜೋರಿಗೆ ಇಳಿಯುವ ಏರ್ಪಾಡಿತ್ತು. ಈಗ ಹೇಗೆ ಎಂದು ಕಾವಲುಗಾರನನ್ನು ಕೇಳಿದೆ. ನಕ್ಕ, ಅಷ್ಟೇ.

ಸಂವಿಧಾನ ಮಾತ್ರ ಚೆನ್ನಾಗಿ ಓದಲು ಬರುತ್ತದೆ. ನಾಲ್ಕು ದೊಡ್ಡ ಹಾಳೆ. ಶಾಯಿ ಕಪ್ಪಗೆ ನಿಂತಿದೆ. ಅಪ್ಪ ನಾಲ್ಕನೇ ಹಾಳೆಯ ಹತ್ತಿರ ನನ್ನ ತೋಳು ಹಿಡಿದು ಎಳೆದರು. ಸಹಿಗಳ ಪಕ್ಕದಲ್ಲಿ ಒಂದು ಪುಟ್ಟ ಟಿಪ್ಪಣಿ. ಮೊದಲ ಹಾಳೆಯ ಏಳನೇ ಎಂಟನೇ ಸಾಲಿನ ಮಧ್ಯೆ ಇಂಥ ಪದ ಸೇರಿಸಿದೆ, ಇಂತಿಂಥ ಕಡೆ ಅಳಿಸಿ ಬರೆದಿದೆ, ಎಂದು ಬರೆದು ಅದರ ಕೆಳಗೆ ಕಾರ್ಯದರ್ಶಿಯ ಸಹಿ. ಅಪ್ಪನ ಮುಖ ಅರಳಿತು. ಕ್ರಯಪತ್ರದ ಕೊನೆಯಲ್ಲಿ ತಿದ್ದುಪಡಿ ಷರಾ ಬರೆಯುವುದು ಅವರಿಗೆ ಕರತಲಾಮಲಕ. "ಇವ್ರು ಕೆಲಸ ಗೊತ್ತಿದ್ದೋರು ಕಣೇ!" ಎಂದು ಜೋರಾಗಿಯೇ ಅಂದರು. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಅಷ್ಟಾದರೂ ಸಹಿಗಳ ಹತ್ತಿರ ಪೆನ್ಸಿಲ್ವೇನಿಯಾದ ಸ್ಪೆಲ್ಲಿಂಗ್‌ನಲ್ಲಿ ಒಂದು 'ಎನ್' ಕಮ್ಮಿ ಇದೆ. ಅದನ್ನು ಷರಾದಲ್ಲಿ ಹಾಕಿಲ್ಲ.

ಇದೆಲ್ಲ ನೋಡುವಾಗ ನಮ್ಮ ಸಂವಿಧಾನ ನೆನಪಾಗದೆ ಇರುತ್ತದೆಯೇ? ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಯಲ್ಲಿ ಬರೆದ, ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದವರು ಚಿತ್ರ ಬಿಡಿಸಿದ ಆ ಪುಸ್ತಕ ದೆಹಲಿಯ ಸಂಸತ್ ಗ್ರಂಥಾಲಯದಲ್ಲಿ ಇಂಥದ್ದೇ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿದೆ. ನಾನು ಕಣ್ಣಾರೆ ನೋಡಿಲ್ಲ. ಗುರುತಿನವರಲ್ಲಿ ಯಾರೂ ನೋಡಿಲ್ಲ. ಇಲ್ಲಿ ಚಡ್ಡಿ ಹಾಕಿಕೊಂಡ ಮಕ್ಕಳು ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದವು.

ಮಧ್ಯಾಹ್ನದ ಊಟಕ್ಕೆ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ. ಒಳಗೆ ಡಬ್ಬಿ ತೆರೆಯುವ ಹಾಗಿಲ್ಲ. ಹಿಂಬದಿ ರಸ್ತೆ ದಾಟಿದರೆ ನೌಕಾ ಸ್ಮಾರಕದ ಚೌಕ, ಕಾರಂಜಿ, ಕೂರಲು ಜಾಗ. ಅರ್ಧ ತಿನ್ನುವಷ್ಟರಲ್ಲಿ ಗುಡುಗು. ಇಲ್ಲಿನ ಜುಲೈ ಮಳೆ ಮುನ್ಸೂಚನೆ ಕೊಡುವುದಿಲ್ಲ. ಡಬ್ಬಿ ಮುಚ್ಚುವಷ್ಟರಲ್ಲಿ ಮೂವರೂ ತೊಪ್ಪೆ. ಬ್ಯಾಗಿನಲ್ಲಿ ಕೊಡೆ ಜೊತೆಗೊಂದು ಟವೆಲ್ಲೂ ಇರಲಿ. ಒದ್ದೆ ಬಟ್ಟೆಯಲ್ಲಿ ಆ ಏಸಿ ಹಾಲ್‌ಗೆ ಮತ್ತೆ ಹೊಕ್ಕರೆ ಹಲ್ಲು ಕಟಕಟ ಅನ್ನುತ್ತದೆ.

ಕೆಳಗಿನ ಪ್ರದರ್ಶನಗಳಲ್ಲಿ ಕ್ರೀಡೆಯ ಬಗ್ಗೆ ಒಂದು ತಾತ್ಕಾಲಿಕ ಪ್ರದರ್ಶನ ಇತ್ತು. ಭಾವ ಅಲ್ಲೇ ಉಳಿದರು. ನಾವು ಹಕ್ಕುಗಳ ದಾಖಲೆಗಳ ಕಡೆ ಹೋದೆವು. ಬಾಗಿಲಲ್ಲೇ ಇಂಗ್ಲೆಂಡಿನ ಹಳೇ ಹಕ್ಕುಪತ್ರ, 1297ರ ಮ್ಯಾಗ್ನಾ ಕಾರ್ಟಾ, ಕೆಳಗೆ ಮೇಣದ ಮುದ್ರೆ ತೂಗುತ್ತಿದೆ. ಡೇವಿಡ್ ರೂಬೆನ್‌ಸ್ಟೈನ್ ಎಂಬ ಸಿರಿವಂತರು 2007ರಲ್ಲಿ 2 ಕೋಟಿ 13 ಲಕ್ಷ ಡಾಲರ್ ಕೊಟ್ಟು ಹರಾಜಿನಲ್ಲಿ ಕೊಂಡು ಇಲ್ಲಿ ಇಟ್ಟಿದ್ದಾರೆ. ಒಳಗೆ ಕರಿಯರ, ಹೆಂಗಸರ, ವಲಸೆ ಬಂದವರ ಹಕ್ಕಿನ ಕತೆ, ಅವರವರ ಕಾಗದಗಳಲ್ಲೇ. ಅರ್ಜಿ, ತಿರಸ್ಕಾರದ ಪತ್ರ, ವಿಚಾರಣೆಯ ಹೇಳಿಕೆ. ವಲಸೆಯ ಭಾಗಕ್ಕೆ ಬಂದಾಗ ಭಗತ್ ಸಿಂಗ್ ತಿಂದ್ ನೆನಪಾದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿ. ಪೌರತ್ವ ಕೊಟ್ಟು, ಆಮೇಲೆ 1923ರಲ್ಲಿ, ನೀನು ಬಿಳಿಯನಲ್ಲ ಎಂದು ಸುಪ್ರೀಂ ಕೋರ್ಟು ಕಿತ್ತುಕೊಂಡಿತು. ನಾವು ಹೋದ ವರ್ಷಕ್ಕೆ ಸರಿಯಾಗಿ ನೂರು ವರ್ಷ. ಆ ಕೋರ್ಟಿನ ದಾಖಲೆಗಳನ್ನೂ ಇದೇ ಪತ್ರಾಗಾರ ಕಾಪಾಡಿದೆ. ತಾವು ಮಾಡಿದ ಅನ್ಯಾಯದ ಕಾಗದವನ್ನೂ ಜೋಪಾನವಾಗಿ ಇಟ್ಟುಕೊಂಡು ಬಂದವರಿಗೆ ತೋರಿಸುವುದು ಸಣ್ಣ ವಿಷಯವಲ್ಲ ಅನ್ನಿಸಿತು.

ಒಂದು ಬೇಜಾರು. ಗುಲಾಮಗಿರಿಯಿಂದ ಬಿಡುಗಡೆ ಮಾಡಿದ ಲಿಂಕನ್‌ನ ಘೋಷಣೆಯ ಮೂಲ ಪ್ರತಿ ನೋಡಲು ಸಿಗಲಿಲ್ಲ. ಬೆಳಕಿಗೆ ಹಾಳಾಗುತ್ತದೆಂದು ವರ್ಷದಲ್ಲಿ ಕೆಲವೇ ದಿನ ಹೊರಗೆ ತೆಗೆಯುತ್ತಿದ್ದರು. ಅದೂ ಜೂನ್ 19ರ ಸುಮಾರಿಗೆ. ಕಾಯಂ ಆಗಿ ಪ್ರದರ್ಶನಕ್ಕೆ ಇಡುವ ಯೋಜನೆಯನ್ನು ಅದೇ ಜೂನ್‌ನಲ್ಲಿ ಹೇಳಿದ್ದರು. ನೀವು ಹೋಗುವ ಮುಂಚೆ ವಿಚಾರಿಸಿಕೊಳ್ಳಿ.

ಹೊರಡುವಾಗ ಅಂಗಡಿಗೆ ಹೊಕ್ಕೆವು. ಹಿಂದೆ ಇಲ್ಲಿನ ಕಡತಗಳನ್ನು ಕಟ್ಟುತ್ತಿದ್ದ ಕೆಂಪು ಟೇಪಿನ ಚೂರುಗಳನ್ನು ಗಾಜಿನಲ್ಲಿ ಕೂರಿಸಿ ಒಡವೆ ಮಾಡಿ ಮಾರುತ್ತಾರೆ. ಅಪ್ಪ ಬೆಲೆ ನೋಡಿದರು. "ನಾನು ಇಂಥದ್ದು ಮೂಟೆಗಟ್ಟಲೆ ಗುಜರಿಗೆ ಹಾಕಿಸಿದ್ದೀನಲ್ಲೇ..."

ಜುಲೈ 4, ಮಂಗಳವಾರ: ಮೆಟ್ಟಿಲ ಮೇಲಿನ ಓದು

ಅಸಲಿಗೆ ಅಮೆರಿಕದ ಕಾಂಗ್ರೆಸ್ ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು 1776ರ ಜುಲೈ 2ರಂದು. ಮರುದಿನ ಅದರ ಸದಸ್ಯ ಜಾನ್ ಆಡಮ್ಸ್ ಹೆಂಡತಿ ಅಬಿಗೇಲ್‌ಗೆ ಕಾಗದ ಬರೆದು, ಮುಂದಿನ ಪೀಳಿಗೆಗಳು ಜುಲೈ 2ನ್ನು ಮೆರವಣಿಗೆ, ತೋಪು, ದೀಪಗಳಿಂದ ಆಚರಿಸುತ್ತವೆ ಎಂದಿದ್ದರು. ಎಲ್ಲಾ ಸರಿಯಾಯಿತು, ತಾರೀಖು ಒಂದು ಬಿಟ್ಟು. 4ರಂದು ಒಪ್ಪಿದ್ದು ಪಠ್ಯವನ್ನು. ಹೆಚ್ಚಿನವರು ತೊಗಲಿನ ಪ್ರತಿಗೆ ಸಹಿ ಹಾಕಿದ್ದು ಆಗಸ್ಟ್ 2ರಂದು. ಕಾಗದದ ಮೇಲೆ ಜುಲೈ 4 ಇದೆ, ಹಾಗಾಗಿ ಹಬ್ಬ ಅಂದೇ. "ದಾಖಲೆಯಲ್ಲಿ ಇರೋ ತಾರೀಖೇ ತಾರೀಖು" ಎಂದು ಅಪ್ಪ ಮುಗಿಸಿದರು.

ಓದು ಶುರುವಾಗುವುದು ಹತ್ತು ಗಂಟೆಗೆ. ನಾವು ಎಂಟೂವರೆಗೆ ತಲುಪಿದೆವು, ಆಗಲೇ ರಸ್ತೆ ತುಂಬಾ ಜನ. ನೆರಳು ಬೇಕೆಂದರೆ ಇನ್ನೂ ಬೇಗ ಬನ್ನಿ. ನಮಗೆ ಫುಟ್‌ಪಾತಿನ ಅಂಚು ಸಿಕ್ಕಿತು. ಅಷ್ಟರಲ್ಲಿ ಅಪ್ಪನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ರಜಾ ದಿನ, ಅಂಗಡಿಗಳಿಲ್ಲ. ಟಾರು ಕಾದ ಹಂಚಿನ ಹಾಗಿದೆ. ಪಕ್ಕದಲ್ಲಿ ಬಿಳಿ ಟೋಪಿ, ಉದ್ದ ಲಂಗದ ಹಳೇ ಕಾಲದ ವೇಷದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ತಮ್ಮ ಲಂಗಕ್ಕೆ ಹಾಕಿದ್ದ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟರು. ಅಪ್ಪ ಅಲ್ಲೇ ಕೂತು ಪಟ್ಟಿ ಸಿಕ್ಕಿಸಿಕೊಂಡರು. ಆ ಪಿನ್ನು ಸಂಜೆಯವರೆಗೂ ಬಾಳಿಕೆ ಬಂತು.

ಅಜ್ಜಿ ಮೇರಿಲ್ಯಾಂಡಿನ ನಿವೃತ್ತ ಶಾಲಾ ಟೀಚರ್. ಹೆಚ್ಚುಕಮ್ಮಿ ಪ್ರತಿ ವರ್ಷ ಬರುತ್ತಾರಂತೆ. ಒಳಗಿನ ಹಾಳೆ ನೋಡಿದ್ರಾ ಎಂದು ಕೇಳಿದರು. ನೋಡಿದೆವು, ಓದೋಕೆ ಆಗಲಿಲ್ಲ ಎಂದೆ. "ಅದಕ್ಕೇ ಹೊರಗೆ ಬಂದು ಓದೋದು" ಎಂದರು.

ಸೈನ್ಯದ ಕೊಳಲು ಡ್ರಮ್ಮಿನ ತಂಡ ಕೆಂಪು ಕೋಟು, ಮೂರು ಮೂಲೆ ಟೋಪಿಯಲ್ಲಿ ಬಂತು. ಆ ಸೆಖೆಯಲ್ಲಿ ಉಣ್ಣೆ ಕೋಟು! ನೋಡಿದರೇ ಬೆವರು. ಭಾಷಣಗಳು ಚಿಕ್ಕದಾಗಿದ್ದವು, ಅದು ದೊಡ್ಡ ಉಪಕಾರ. ಆಮೇಲೆ ಆ ಕಾಲದ ಪ್ರಮುಖರಾದ ಜೆಫರ್‌ಸನ್, ಫ್ರಾಂಕ್ಲಿನ್, ಆಡಮ್ಸ್ ದಂಪತಿಯ ವೇಷ ತೊಟ್ಟವರು ಮೆಟ್ಟಿಲ ಮೇಲೆ ನಿಂತು ಸರದಿಯಲ್ಲಿ ಓದತೊಡಗಿದರು.

ನನಗೆ ಗೊತ್ತಿದ್ದದ್ದು, ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ ಎನ್ನುವ ಆ ಪ್ರಸಿದ್ಧ ಸಾಲು ಮಾತ್ರ. ಅದು ಒಂದು ನಿಮಿಷದಲ್ಲಿ ಮುಗಿದುಹೋಯಿತು. ಉಳಿದದ್ದು ಪೂರಾ ದೂರಿನ ಪಟ್ಟಿ. ರಾಜ ಹೀಗೆ ಮಾಡಿದ, ಹಾಗೆ ಮಾಡಿದ ಎಂದು 27 ದೂರು. ಒಂದೊಂದು ದೂರಿಗೂ ಜನ ಹೋ ಎಂದು ರಾಜನಿಗೆ ಛೀಮಾರಿ ಹಾಕುತ್ತಾರೆ. ಹೆಗಲ ಮೇಲೆ ಕೂತ ಮಕ್ಕಳಿಗೆ ಇದೇ ಮಜಾ. ಅಪ್ಪನಿಗೆ ನಾನು ಕಿವಿಯಲ್ಲಿ ಕನ್ನಡಕ್ಕೆ ಮಾಡಿ ಹೇಳುತ್ತಿದ್ದೆ. ಹೊಸ ಹೊಸ ಹುದ್ದೆ ಸೃಷ್ಟಿಸಿ, ಅಧಿಕಾರಿಗಳ ಹಿಂಡನ್ನೇ ಕಳಿಸಿ ಜನರನ್ನು ಪೀಡಿಸಿದ ಎಂಬ ಸಾಲಿಗೆ ಅಪ್ಪ ಪಕ್ಕನೆ ನಕ್ಕರು.

ಅದಕ್ಕೆ ಮುಂಚೆ ಒಂದು ದೂರು ಬಂದಿತ್ತು. ಶಾಸನ ಸಭೆಗಳನ್ನು ಅನುಕೂಲವಿಲ್ಲದ ಕಡೆ, ಅವರ ಸಾರ್ವಜನಿಕ ದಾಖಲೆಗಳು ಇರುವ ಜಾಗದಿಂದ ದೂರ ಕರೆಸಿದ್ದಾನೆ, ಅವರು ದಣಿದು ತನಗೆ ಒಪ್ಪಿಕೊಳ್ಳಲಿ ಎಂಬ ಒಂದೇ ಉದ್ದೇಶಕ್ಕೆ. ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಇನ್ನೊಂದ್ಸಲ ಹೇಳು. ದಾಖಲೆಯಿಂದ ದೂರಾನಾ? ಹಾಗಂತ ಬರೆದಿದ್ದಾರಾ?"

ಬರೆದಿದ್ದಾರೆ. ಅಜ್ಜಿಗೆ ಇಂಥದ್ದೆಲ್ಲ ಬಾಯಿಪಾಠ. ಮ್ಯಾಸಚೂಸೆಟ್ಸ್‌ನ ಸಭೆಯನ್ನು 1769ರಲ್ಲಿ ಬಾಸ್ಟನ್ನಿನಿಂದ ಕೇಂಬ್ರಿಡ್ಜ್‌ಗೆ ಎತ್ತಂಗಡಿ ಮಾಡಿದ್ದರಂತೆ. ವರ್ಷಗಟ್ಟಲೆ ಅದೇ ಜಗಳ.

"ಎಷ್ಟು ದೂರ ಅದು?" ಅಪ್ಪ ಕೇಳಿದರು. ನದಿ ದಾಟಿದರೆ ಆಯಿತು, ಕೆಲವೇ ಮೈಲಿ. "ಅಷ್ಟಕ್ಕೇನಾ! ನಮ್ಮಲ್ಲಿ ಒಂದು ಪಹಣಿಗೆ, ಒಂದು ಟಿಪ್ಪಣಿ ನಕಲಿಗೆ ಎರಡು ಬಸ್ಸು ಬದಲಾಯಿಸಿ ಬರ್ತಿದ್ರು. ಸಾಹೇಬ್ರಿಲ್ಲ, ನಾಳೆ ಬನ್ನಿ ಅಂತಿದ್ವಿ." ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ದೂರಿನ ಪಟ್ಟಿಯ ಕೊನೆಗೆ ಬಂದಾಗ ಹೋ ಎನ್ನುವ ಸದ್ದು ಇಳಿಯಿತು. ಈ ನೆಲದ ಮೂಲನಿವಾಸಿಗಳನ್ನು ಕರುಣೆಯಿಲ್ಲದ ಕಾಡುಜನ ಎಂದು ಕರೆದಿರುವ ಸಾಲು ಅದು. ನನ್ನ ಸುತ್ತ ಇದ್ದವರಿಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ. ಕೆಲವರು ನೆಲ ನೋಡಿದರು. ಅಜ್ಜಿ ಟೋಪಿ ಸರಿಮಾಡಿಕೊಂಡರು. ಗಾಜಿನೊಳಗೆ ಆ ಸಾಲು ಮಾಸಿಹೋಗಿದೆ, ಕಣ್ಣಿಗೆ ಬೀಳುವುದಿಲ್ಲ. ಗಟ್ಟಿಯಾಗಿ ಓದಿದಾಗ ತಪ್ಪಿಸಿಕೊಳ್ಳುವ ಹಾಗಿಲ್ಲ, ಅಲ್ವಾ?

ಎಲ್ಲಾ ಸೇರಿ ಕಾಲು ಗಂಟೆಯ ಓದು. ಮುಗಿದ ಮೇಲೆ ಮಕ್ಕಳ ಜಾತ್ರೆ. ಗರಿಯ ಲೇಖನಿಯಲ್ಲಿ ಘೋಷಣೆಯ ಪ್ರತಿಗೆ ನೀವೂ ಸಹಿ ಹಾಕಬಹುದು. ಮಕ್ಕಳ ಸಾಲಿನಲ್ಲಿ ಅಪ್ಪನೂ ನಿಂತರು. ಶಾಯಿ ಅದ್ದಿ, ಒಂದು ಸಲ ಕೊಡವಿ, ಕನ್ನಡದಲ್ಲಿ ಪೂರ್ತಿ ಸಹಿ ಹಾಕಿ ಕೆಳಗೆ ತಾರೀಖು ಬರೆದರು. ಮೇಜಿನ ಹುಡುಗಿ ಇದು ಯಾವ ಲಿಪಿ ಎಂದು ಕೇಳಿದಳು. ಕರ್ನಾಟಕ ಭೂಪಟದಲ್ಲಿ ಎಲ್ಲಿದೆ ಎನ್ನುವುದರಿಂದ ಶುರುವಾಗಿ ಅಪ್ಪ ಹೇಳುತ್ತಲೇ ಹೋದರು. ಹಿಂದಿದ್ದ ಮಕ್ಕಳು ಗಲಾಟೆ ಎಬ್ಬಿಸಿದವು.

ಮಧ್ಯಾಹ್ನದ ಹೊತ್ತಿಗೆ ಅದೇ ರಸ್ತೆಯಲ್ಲಿ ಮೆರವಣಿಗೆ. ಬ್ಯಾಂಡು, ಬಲೂನು, ಕುದುರೆ, ನಡುವೆ ಸಿಖ್ಖರದೊಂದು ಅಲಂಕಾರದ ಗಾಡಿ. ಹಿಂದಿನ ದಿನ ತಿಂದ್ ಕತೆ ಕೇಳಿದ್ದ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದ ನ್ಯಾಷನಲ್ ಮಾಲ್ ಎಂಬ ಮೈದಾನದಲ್ಲಿ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಸ್ಥೆಯ ಜಾನಪದ ಉತ್ಸವ ಇತ್ತು. ಬಿಸಿಲಿಗೆ ಸೋತು ಒಂದು ಗಂಟೆಯಲ್ಲೇ ಹೊರಬಿದ್ದೆವು. ಸಿಡಿಮದ್ದಿಗೆ ರಾತ್ರಿವರೆಗೆ ಕಾಯುವ ಶಕ್ತಿ ಇರಲಿಲ್ಲ. ಆಶ್‌ಬರ್ನ್‌ನಲ್ಲಿ ಅಕ್ಕನ ಮನೆ ಟೆರೇಸ್‌ನಿಂದ ಕಂಡಷ್ಟು ಕಂಡಿತು. ಮಜ್ಜಿಗೆಹುಳಿ ಅನ್ನ ಉಂಡು ಮಲಗಿದೆವು.

ಜುಲೈ 5, ಬುಧವಾರ: ಕಾಲೇಜ್ ಪಾರ್ಕ್

ಪ್ರವಾಸಿಗರು ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ. ಆದರೆ ಅಪ್ಪನ ಹಟ. "ತೋರಿಸೋಕೆ ಇಟ್ಟಿದ್ದು ನೋಡಿದ್ವಿ. ಕೆಲಸ ನಡೆಯೋ ರೆಕಾರ್ಡ್ ರೂಮ್ ನೋಡ್ಬೇಕು."

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹತ್ತಿರ, ಮರಗಳ ನಡುವೆ, ಪತ್ರಾಗಾರದ 1994ರ ದೊಡ್ಡ ಕಟ್ಟಡ. ಭಾವ ಮುಂಚೆಯೇ ಸಮಯ ಗೊತ್ತುಮಾಡಿದ್ದರು. 14 ವರ್ಷ ದಾಟಿದ ಯಾರು ಬೇಕಾದರೂ ಪಾಸ್‌ಪೋರ್ಟ್ ತೋರಿಸಿ ಓದುಗರ ಕಾರ್ಡ್ ಮಾಡಿಸಬಹುದಿತ್ತು, ಪುಕ್ಕಟೆ. ಅಪ್ಪನ ಫೋಟೊ ಇರುವ ಕಾರ್ಡ್ ಹತ್ತೇ ನಿಮಿಷದಲ್ಲಿ ಕೈಗೆ ಬಂತು. ಅರ್ಜಿಗೆ ಯಾಕೆ ಬೇಕು, ಯಾರ ಶಿಫಾರಸು ಎಂದು ಒಬ್ಬರೂ ಕೇಳಲಿಲ್ಲ. ಬ್ಯಾಗು ಲಾಕರಿನಲ್ಲಿ, ಪೆನ್ನು ಹೊರಗೆ. ಒಳಗೆ ಸೀಸದ ಕಡ್ಡಿ ಮಾತ್ರ, ಬರೆಯುವ ಕಾಗದವೂ ಅವರದ್ದೇ.

ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆಗೆ ಒಪ್ಪಿಸಿದ್ದರು. ಆಗಿನ ಫೋಟೊ ಕೇಳಿದೆವು. ಕೈಗವಸು ಕೊಟ್ಟರು, ಪೆಟ್ಟಿಗೆ ಬಂತು. ಬೆಂಗಳೂರಿನವು ಕೆಲವೇ. ಅಪ್ಪ ಒಂದೊಂದನ್ನೂ ತಿರುವಿ, ಮುಂದಿನ ಚಿತ್ರಕ್ಕಿಂತ ಹಿಂದಿನ ಬರಹ, ಮೊಹರು, ನಂಬರನ್ನೇ ಹೆಚ್ಚು ಹೊತ್ತು ನೋಡಿದರು. ಗಾಜಿನ ಗೋಡೆಯಾಚೆ ಹಸಿರು ಕಾಡು. ಹೊರಡುವಾಗ ನಾವು ಬರೆದುಕೊಂಡ ಹಾಳೆಗಳನ್ನು ಬೀಗದ ಚೀಲದಲ್ಲಿ ಹಾಕಿ ಕಳಿಸಿದರು, ಅದನ್ನು ಬಿಚ್ಚಿಕೊಡುವುದು ಹೊರಬಾಗಿಲಿನ ಕಾವಲುಗಾರ. "ಇದೊಂದು ನಮ್ಮಲ್ಲಿ ಇದ್ದಿದ್ರೆ ಎಷ್ಟೋ ಕೇಸೇ ಇರ್ತಿರಲಿಲ್ಲ" ಎಂದು ಅಪ್ಪ ಆ ಚೀಲವನ್ನು ಎರಡು ಸಲ ಮುಟ್ಟಿ ನೋಡಿದರು.

ಅದಕ್ಕೂ ಮುಂಚೆ, ಮೇಜಿನ ಹತ್ತಿರದ ಸಿಬ್ಬಂದಿಯನ್ನು ಅಪ್ಪ ನನ್ನ ಮೂಲಕ ಒಂದು ಪ್ರಶ್ನೆ ಕೇಳಿಸಿದ್ದರು. ಕಡತ ಕಾಣೆಯಾದರೆ ನೀವೇನು ಮಾಡ್ತೀರಿ?

ಅವರು ನಕ್ಕು, ರೈಟ್ ಸಹೋದರರ ಕತೆ ಹೇಳಿದರು. ವಿಮಾನದ ಪೇಟೆಂಟ್ ಕಡತ 1980ರಿಂದ ನಾಪತ್ತೆ. ಕಳವಾಗಿದೆ ಎಂದೇ ಅನುಮಾನ. ಕೊನೆಗೆ 2016ರಲ್ಲಿ ಕ್ಯಾನ್ಸಸ್ ರಾಜ್ಯದ ಲೆನೆಕ್ಸಾದಲ್ಲಿ, ಸುಣ್ಣಕಲ್ಲಿನ ಗುಹೆಯೊಳಗಿನ ಉಗ್ರಾಣದಲ್ಲಿ, ಬೇರೆ ಪೆಟ್ಟಿಗೆಯಲ್ಲಿ ಸಿಕ್ಕಿತು. ಯಾರೋ ವಾಪಸ್ಸು ಇಡುವಾಗ ತಪ್ಪು ಜಾಗದಲ್ಲಿ ಇಟ್ಟಿದ್ದರು, ಅಷ್ಟೇ.

ಆ ರಾತ್ರಿ ಅಪ್ಪ ಊರಿನ ಹಳೇ ಸಹೋದ್ಯೋಗಿಗೆ ಫೋನ್ ಹಚ್ಚಿದರು. ಘೋಷಣೆ, ಮೆರವಣಿಗೆ, ಪೀಚ್ ಹಣ್ಣು ಯಾವುದೂ ಇಲ್ಲ.

"ಲೋ, ಮೂವತ್ತಾರು ವರ್ಷ ಕಣೋ! ಮೂವತ್ತಾರು ವರ್ಷ ಬೇರೆ ಗಂಟಲ್ಲಿ ಇತ್ತಂತೆ. ನಾವು ಆ ಮ್ಯುಟೇಶನ್ ರಿಜಿಸ್ಟರ್ ಹದಿನೈದು ದಿನಕ್ಕೇ ಹುಡುಕಿಕೊಟ್ವಿ, ಅದಕ್ಕೆ ಸಾಹೇಬ್ರು ಮೆಮೊ ಕೊಟ್ರಲ್ಲೋ!"